ಹದಿಹರೆಯದವರ ಮನೋವೈದ್ಯಕೀಯ ವಾರ್ಡಿನ ವಿಮಾ ಡೆಸ್ಕ್: ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಸೇವೆಯ ವಿಮರ್ಶೆ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಖಾಸಗಿ ಮನೋವೈದ್ಯಕೀಯ ಆಸ್ಪತ್ರೆಯಲ್ಲಿ, ಹದಿಹರೆಯದವರಿಗೆಂದೇ ಮೀಸಲಾದ ವಾರ್ಡಿನಲ್ಲಿ, ನನ್ನ ಅಕ್ಕನ ಮಗ ಸುಮಾರು ಮೂರು ವಾರ ಒಳರೋಗಿಯಾಗಿದ್ದ. ಅವನಿಗೆ ಹದಿನಾರು ವರ್ಷ, ಮೊದಲ ಪಿಯುಸಿ, ಕಾಯಿಲೆ ಒಸಿಡಿ, ಅಂದರೆ ಬೇಡದ ಯೋಚನೆಗಳು ಕಾಡಿ ಒಂದೇ ಕೆಲಸವನ್ನು ಪದೇ ಪದೇ ಮಾಡಿಸುವ ಗೀಳಿನ ಕಾಯಿಲೆ. ಅಕ್ಕ ಅವನ ಜೊತೆ ವಾರ್ಡಿನಲ್ಲಿಯೇ ಉಳಿದುಕೊಂಡಳು, ಭಾವನವರದು ಊರೂರು ತಿರುಗುವ ಕೆಲಸ, ಹಾಗಾಗಿ ವಿಮೆ, ಬಿಲ್ಲು ಮತ್ತು ಕಾಗದಪತ್ರಗಳ ಹೊಣೆ ನನ್ನ ಪಾಲಿಗೆ ಬಂತು. ವೈದ್ಯರ ಚಿಕಿತ್ಸೆಯನ್ನು ಅಳೆಯುವ ಅರ್ಹತೆ ನನಗಿಲ್ಲ; ಈ ಬರಹ ಆ ಆಸ್ಪತ್ರೆಯ ಬಿಲ್ಲಿಂಗ್ ಮತ್ತು ವಿಮಾ ವಿಭಾಗದ ಕೆಲಸವನ್ನು ಕುರಿತದ್ದು. ಆಸ್ಪತ್ರೆಯ ಹೆಸರನ್ನಾಗಲಿ ವಿಮಾ ಕಂಪನಿಯ ಹೆಸರನ್ನಾಗಲಿ ನಾನು ಬರೆಯುತ್ತಿಲ್ಲ, ಏಕೆಂದರೆ ಹೆಸರು ಹೇಳಿದರೆ ನಮ್ಮ ಬಂಧುಬಳಗದವರಿಗೆ ಇದು ಯಾವ ಹುಡುಗನ ವಿಚಾರ ಎಂದು ತಿಳಿಯುವುದು ಕಷ್ಟವಲ್ಲ, ಮತ್ತು ಅದನ್ನು ಯಾರಿಗೆ ಯಾವಾಗ ಹೇಳಬೇಕೆಂಬ ತೀರ್ಮಾನ ಅವನಿಗೇ ಸೇರಿದ್ದು.

ಮೂಳೆ ಮುರಿದೋ ಅಪೆಂಡಿಕ್ಸ್ ಆಪರೇಷನ್‌ಗೋ ದಾಖಲಾದಾಗ ವಿಮಾ ಡೆಸ್ಕ್ ಚೆನ್ನಾಗಿದ್ದರೆ ನಮ್ಮ ದುಡ್ಡೂ ಸಮಯವೂ ಉಳಿಯುತ್ತವೆ, ಇಲ್ಲದಿದ್ದರೆ ಎರಡೂ ಹೋಗುತ್ತವೆ. ರೋಗಿಯ ಗುಣವಾಗುವಿಕೆಗೆ ಅದರಿಂದ ಹೆಚ್ಚಿನ ಬಾಧಕವಿಲ್ಲ. ಹದಿಹರೆಯದವರ ಮಾನಸಿಕ ಚಿಕಿತ್ಸೆಯಲ್ಲಿ ಹಾಗಲ್ಲ. ‘ನನ್ನಿಂದಾಗಿ ಮನೆಯವರು ಸಾಲ ಮಾಡುತ್ತಿದ್ದಾರೆ’ ಎಂಬ ಯೋಚನೆ ಒಮ್ಮೆ ಹೊಕ್ಕರೆ ಇವನು ಚಿಕಿತ್ಸೆಯನ್ನೇ ಅರ್ಧಕ್ಕೆ ಬಿಡುತ್ತೇನೆನ್ನಬಹುದು ಎಂದು ವೈದ್ಯರು ಮೊದಲ ದಿನವೇ ನಮ್ಮನ್ನು ಎಚ್ಚರಿಸಿದ್ದರು. ಅಕ್ಕ ಕಾರಿಡಾರಿಗೆ ಬಂದು ನನಗೆ ಹೇಳಿದ್ದೂ ಅದನ್ನೇ: ‘ದುಡ್ಡಿನ ಮಾತು ಅವನ ಕಿವಿಗೆ ಬೀಳೋದು ಬೇಡ ಕಣೋ, ಏನಿದ್ರೂ ಕೆಳಗಡೆ ಮುಗಿಸಿಕೊಂಡು ಬಾ.’ ಹೀಗಾಗಿ ನನ್ನ ಮಟ್ಟಿಗೆ ಇಂಥ ವಾರ್ಡಿನ ವಿಮಾ ಡೆಸ್ಕ್ ಚಿಕಿತ್ಸೆಯದೇ ಒಂದು ಭಾಗ, ಮತ್ತು ಹಣದ ಪ್ರಶ್ನೆ ಹಾಸಿಗೆಯ ತನಕ ಹೋಗದಂತೆ ತಡೆಯುತ್ತದೆಯೇ ಇಲ್ಲವೇ ಎಂಬುದೇ ಅದನ್ನು ಅಳೆಯುವ ಮೊದಲ ಅಳತೆಗೋಲು. ಆ ಅಳತೆಯಲ್ಲಿ ಈ ಡೆಸ್ಕ್ ದಾಖಲಾತಿಯಿಂದ ಬಿಡುಗಡೆಯವರೆಗೆ ಬಹಳ ಚೆನ್ನಾಗಿ ಕೆಲಸ ಮಾಡಿತು. ಬಿಲ್ಲಿನ ಪದಗಳ ವಿಚಾರದಲ್ಲಿ ಮತ್ತು ಬಿಡುಗಡೆಯ ನಂತರ ಅಷ್ಟು ಚೆನ್ನಾಗಿ ಮಾಡಲಿಲ್ಲ.

ಮಾನಸಿಕ ಕಾಯಿಲೆಗೆ ವಿಮೆ ಸಿಗುವುದಿಲ್ಲ ಎಂದೇ ಈಗಲೂ ಹಲವರು ನಂಬಿದ್ದಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಮೇ ತಿಂಗಳಲ್ಲಿ ಜಾರಿಗೆ ಬಂದಾಗಲೇ, ದೈಹಿಕ ಕಾಯಿಲೆಗೆ ಯಾವ ನೆಲೆಯಲ್ಲಿ ವಿಮೆ ಕೊಡುತ್ತಾರೋ ಅದೇ ನೆಲೆಯಲ್ಲಿ ಮಾನಸಿಕ ಕಾಯಿಲೆಗೂ ಕೊಡಬೇಕು ಎಂದು ಅದರ 21ನೇ ಕಲಂ ವಿಧಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ ಕಂಪನಿಗಳಿಗೆ ಸುತ್ತೋಲೆ ಕಳಿಸಿತು. ಆದರೂ ಕಂಪನಿಗಳು ಹಳೆಯ ಹೊರಗಿಡುವಿಕೆಯ ಷರತ್ತುಗಳನ್ನೇ ಹಿಡಿದು ಕುಳಿತಿದ್ದವು, 2021ರಲ್ಲಿ ದೆಹಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ ಅದು ತಪ್ಪೆಂದು ಹೇಳಬೇಕಾಯಿತು, ಕೊನೆಗೆ ಎಲ್ಲ ಆರೋಗ್ಯ ಪಾಲಿಸಿಗಳೂ 2022ರ ಅಕ್ಟೋಬರ್ 31ರೊಳಗೆ ಮಾನಸಿಕ ಕಾಯಿಲೆಯನ್ನು ಒಳಗೊಳ್ಳಬೇಕೆಂದು ನಿಯಂತ್ರಕರು ಗಡುವು ಹಾಕಿದರು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17ರ ವಯಸ್ಸಿನವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಇಷ್ಟು ಮಕ್ಕಳ ತಂದೆತಾಯಿಗಳಿಗೆ ಈ ಹಕ್ಕು ಕಾಗದದ ಮೇಲಿದೆ; ಅದು ಕೈಗೆ ಬರುವುದು ಮಾತ್ರ ಆಸ್ಪತ್ರೆಯ ವಿಮಾ ಡೆಸ್ಕಿನಲ್ಲಿ ಕುಳಿತವರು ಫಾರಂ ಹೇಗೆ ತುಂಬುತ್ತಾರೆ, ಕಂಪನಿಯ ಪರವಾಗಿ ಕ್ಲೇಮುಗಳನ್ನು ಪರಿಶೀಲಿಸುವ ಮಧ್ಯವರ್ತಿ ಸಂಸ್ಥೆಯಾದ ಟಿಪಿಎಯಿಂದ ಬರುವ ಪ್ರಶ್ನೆಗೆ ಏನು ಉತ್ತರ ಬರೆಸುತ್ತಾರೆ ಎಂಬುದರ ಮೇಲೆ.

ನಮ್ಮ ಮಟ್ಟಿಗೆ ಆ ಡೆಸ್ಕ್ ಎಂದರೆ ಒಬ್ಬ ಮಹಿಳೆ. ಬ್ಯಾಡ್ಜಿನ ಮೇಲೆ ವಿಮಾ ಸಂಯೋಜಕಿ ಎಂದಿತ್ತು. ದಾಖಲಾತಿಗೆ ಮುನ್ನವೇ ಅವರು ನನ್ನನ್ನು ಕೂರಿಸಿಕೊಂಡು ಪಾಲಿಸಿಯ ಪ್ರತಿಯನ್ನು ಪುಟ ತಿರುವಿ ಓದಿದರು, ಕಾರ್ಡನ್ನು ಮಾತ್ರ ನೋಡಿ ಕಳಿಸಲಿಲ್ಲ. ಅಕ್ಕ-ಭಾವನವರದು ಐದು ಲಕ್ಷದ ಫ್ಯಾಮಿಲಿ ಫ್ಲೋಟರ್ (ಇಡೀ ಕುಟುಂಬಕ್ಕೆ ಒಟ್ಟಾಗಿ ಇರುವ ವಿಮೆ), ದಿನದ ಕೋಣೆ ಬಾಡಿಗೆಗೆ ವಿಮಾ ಮೊತ್ತದ ಶೇಕಡಾ ಒಂದರ ಮಿತಿ, ಅಂದರೆ ಐದು ಸಾವಿರ ರೂಪಾಯಿ. ಅಕ್ಕನಿಗೆ ಮಗ ಒಬ್ಬನೇ ಇರಲಿ ಎಂದು 7,500 ರೂಪಾಯಿಯ ಸಿಂಗಲ್ ರೂಮ್ ಬೇಕೆನಿಸಿತ್ತು. ಸಂಯೋಜಕಿ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು: ಮಿತಿ ಮೀರಿದ ಕೋಣೆ ಹಿಡಿದರೆ ಕಳೆದುಕೊಳ್ಳುವುದು ದಿನಕ್ಕೆ 2,500 ರೂಪಾಯಿ ಮಾತ್ರವಲ್ಲ, ವೈದ್ಯರ ಭೇಟಿ, ಥೆರಪಿ, ನರ್ಸಿಂಗ್ ಮುಂತಾದ ಖರ್ಚುಗಳನ್ನೂ ಕಂಪನಿ ಅದೇ ಅನುಪಾತದಲ್ಲಿ, ಮೂರರಲ್ಲಿ ಎರಡು ಪಾಲಿಗೆ ಇಳಿಸುತ್ತದೆ, ಹಾಗಾಗಿ ಆ ಬಾಬ್ತಿನಲ್ಲಿ ತೊಂಬತ್ತು ಸಾವಿರ ಆದರೆ ಮೂವತ್ತು ಸಾವಿರ ನಮ್ಮ ಮೇಲೆ ಬೀಳುತ್ತದೆ, ಔಷಧಿಗೆ ಮತ್ತು ಪರೀಕ್ಷೆಗಳಿಗೆ ಈ ಕಡಿತ ಅನ್ವಯಿಸುವುದಿಲ್ಲ. ಇಬ್ಬರು ಹುಡುಗರಿಗೆ ಒಂದರಂತಿರುವ 4,800 ರೂಪಾಯಿಯ ಕೋಣೆಯನ್ನು ನಾವು ಆರಿಸಿಕೊಂಡೆವು. ಅದೇ ವಯಸ್ಸಿನ ಇನ್ನೊಬ್ಬ ಹುಡುಗ ಜೊತೆಗಿದ್ದದ್ದು ಇವನಿಗೆ ಒಳ್ಳೆಯದೇ ಆಯಿತೆಂದು ವೈದ್ಯರು ಆಮೇಲೆ ಹೇಳಿದರು. ಇಂಥ ಮಾತನ್ನು ದಾಖಲಾತಿಗೆ ಮುನ್ನ ಹೇಳುವ ಆಸ್ಪತ್ರೆಗಳು ಕಡಿಮೆ. ಬಹಳ ಕಡೆ ಇದು ತಿಳಿಯುವುದು ಫೈನಲ್ ಬಿಲ್ ಕೈಗೆ ಬಂದಾಗ.

ಮುಂದಿನದು ಇನ್ನೂ ಸೂಕ್ಷ್ಮವಾದದ್ದು. ದಾಖಲಾಗುವಾಗ ಕಿರಿಯ ವೈದ್ಯರು ರೋಗದ ಪೂರ್ವವೃತ್ತಾಂತ ಕೇಳಿದಾಗ ಅಕ್ಕ, ‘ಚಿಕ್ಕಂದಿನಿಂದಲೂ ಇವನಿಗೆ ಶುಚಿ ಸ್ವಲ್ಪ ಜಾಸ್ತಿ’ ಎಂದಿದ್ದಳು. ಎಲ್ಲ ತಾಯಂದಿರೂ ಹೇಳಬಹುದಾದ ಮಾತು. ವಿಮಾ ಕಂಪನಿಯ ಪೂರ್ವಾನುಮತಿ ಕೋರುವ ಫಾರಂನಲ್ಲಿ, ಲಕ್ಷಣಗಳು ಯಾವಾಗಿನಿಂದ ಎಂಬ ಜಾಗದಲ್ಲಿ, ಅದು ‘ಬಾಲ್ಯದಿಂದ’ ಎಂದು ಇಳಿಯಿತು. ಆ ಒಂದು ಪದದ ಪರಿಣಾಮ ಏನೆಂದು ನನಗೆ ಅರ್ಥವಾಗಿದ್ದು ಸಂಯೋಜಕಿ ವಿವರಿಸಿದ ಮೇಲೆಯೇ. ಪಾಲಿಸಿ ಹಳೆಯದಾದ್ದರಿಂದ ಮೊದಲಿನ ಮೂರು ಲಕ್ಷಕ್ಕೆ ತೊಂದರೆಯಿರಲಿಲ್ಲ, ಆದರೆ ವಿಮಾ ಮೊತ್ತವನ್ನು ಐದು ಲಕ್ಷಕ್ಕೆ ಏರಿಸಿ ಇನ್ನೂ ಎರಡು ವರ್ಷವಾಗಿರಲಿಲ್ಲ, ಏರಿಸಿದ ಮೊತ್ತಕ್ಕೆ ಮೊದಲೇ ಇದ್ದ ಕಾಯಿಲೆಗಳ ಕಾಯುವ ಅವಧಿ (ಅಂಥ ಕಾಯಿಲೆಗೆ ವಿಮೆ ಸಿಗದ ಅವಧಿ) ಹೊಸದಾಗಿ ಶುರುವಾಗುತ್ತದೆ, ಕಾಯಿಲೆ ಬಾಲ್ಯದಿಂದ ಇದ್ದದ್ದೇ ಆದರೆ ಕೋಣೆ ಬಾಡಿಗೆಯ ಮಿತಿಯನ್ನೂ ಕಂಪನಿಯವರು ಹಳೆಯ ಮೊತ್ತದ ಮೇಲೆ ಲೆಕ್ಕ ಹಾಕುವ ಸಂಭವವಿತ್ತು. ಅವರು ನೇರವಾಗಿ ವಾರ್ಡಿನ ಹಿರಿಯ ವೈದ್ಯರ ಬಳಿ ಹೋಗಿ, ಶುಚಿಯ ಸ್ವಭಾವ ಮತ್ತು ಕಾಯಿಲೆ ಎರಡನ್ನೂ ಬೇರ್ಪಡಿಸಿ ಕೇಳುವಂತೆ ವಿನಂತಿಸಿದರು. ವೈದ್ಯರು ಅಕ್ಕನನ್ನು ಕೂರಿಸಿಕೊಂಡು ಊಟ, ನಿದ್ದೆ, ಕಾಲೇಜು ಇವುಗಳಿಗೆ ತೊಂದರೆಯಾಗುವಷ್ಟು ಅದು ಹೆಚ್ಚಾದದ್ದು ಯಾವಾಗ ಎಂದು ವಿಚಾರಿಸಿದರು. ಹತ್ತನೇ ತರಗತಿಯ ಪರೀಕ್ಷೆಯ ಆಸುಪಾಸಿನಲ್ಲಿ ಎಂಬುದು ಸ್ಪಷ್ಟವಾಯಿತು. ಹಾಗಾದರೆ ಫಾರಂ ಬದಲಾಯಿಸಿಬಿಡಿ ಎಂದು ನಾನು ಅಂದಾಗ ಸಂಯೋಜಕಿ ಕೊಟ್ಟ ಉತ್ತರ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿಸಿತು: ‘ಬರೆದದ್ದನ್ನು ನಾವು ತಿದ್ದೋದಿಲ್ಲ ಸರ್. ಡಾಕ್ಟರ್ ತಾರೀಖು ಹಾಕಿ ಸ್ಪಷ್ಟೀಕರಣ ಬರೀತಾರೆ, ಎರಡನ್ನೂ ಒಟ್ಟಿಗೆ ಕಳಿಸ್ತೀವಿ.’ ಹಾಗೆಯೇ ಕಳಿಸಿದರು, ಮತ್ತು ಆ ವಿಚಾರ ಅಲ್ಲಿಗೇ ಮುಗಿಯಿತು.

ನಿಜವಾದ ಪರೀಕ್ಷೆ ಬಂದದ್ದು ಮೊದಲ ಅನುಮತಿಯ ನಂತರ, ಮೊತ್ತವನ್ನು ಹೆಚ್ಚಿಸಲು ಕೇಳಿದಾಗ. ಶುರುವಿನಲ್ಲಿ ಕಂಪನಿ ಅರವತ್ತು ಸಾವಿರಕ್ಕೆ ಒಪ್ಪಿಗೆ ಕೊಟ್ಟಿತ್ತು; ಆಸ್ಪತ್ರೆ ಎನ್‌ಹಾನ್ಸ್‌ಮೆಂಟ್ ಕೋರಿಕೆ ಕಳಿಸಿದಾಗ ಟಿಪಿಎಯಿಂದ ಒಂದು ಕ್ವೆರಿ ಬಂತು. ರೋಗಿಗೆ ಬಾಯಿಯ ಮೂಲಕ ಕೊಡುವ ಮಾತ್ರೆಗಳ ಹೊರತು ಬೇರೇನೂ ನಡೆಯುತ್ತಿರುವಂತೆ ಕಾಣುವುದಿಲ್ಲ, ಸಕ್ರಿಯ ಚಿಕಿತ್ಸೆ ಯಾವುದು, ಹೊರರೋಗಿಯಾಗಿ ಇದನ್ನು ಏಕೆ ನಿರ್ವಹಿಸಲಾಗುವುದಿಲ್ಲ ಎಂಬುದು ಅದರ ಸಾರ. ಮನೋವೈದ್ಯಕೀಯ ಕ್ಲೇಮುಗಳು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಡ್ರಿಪ್ ಇಲ್ಲ, ಇಂಜೆಕ್ಷನ್ ಇಲ್ಲ, ಆಪರೇಷನ್ ಟಿಪ್ಪಣಿ ಇಲ್ಲ. ದೈಹಿಕ ಕಾಯಿಲೆಗಳ ಕಡತ ನೋಡಿ ಅಭ್ಯಾಸವಾದ ಕಣ್ಣಿಗೆ ಇದು ಹುಡುಗನೊಬ್ಬ ಕೋಣೆಯಲ್ಲಿ ಸುಮ್ಮನೆ ಕುಳಿತಿರುವಂತೆ ತೋರುತ್ತದೆ. 2019ರಲ್ಲಿ ನಿಯಂತ್ರಕರು ಏಕರೂಪಗೊಳಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ ನಾಲ್ಕನೆಯದು ಕೇವಲ ತಪಾಸಣೆ ಮತ್ತು ಮೌಲ್ಯಮಾಪನಕ್ಕಾಗಿ ದಾಖಲಾಗುವುದು, ಐದನೆಯದು ವಿಶ್ರಾಂತಿ ಮತ್ತು ಪುನರ್ವಸತಿ. ಉತ್ತರ ಸಡಿಲವಾಗಿದ್ದರೆ ಕ್ಲೇಮು ಈ ಎರಡರಲ್ಲಿ ಒಂದಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ.

ಅಲ್ಲಿ ಒಳಗೆ ನಡೆಯುತ್ತಿದ್ದುದು ಏನೆಂದರೆ, ಬಾಗಿಲ ಹಿಡಿಯನ್ನು ಮುಟ್ಟಿದ ಕೈಯನ್ನು ಹುಡುಗ ತೊಳೆಯದೆ ಇಟ್ಟುಕೊಳ್ಳುವುದನ್ನು ಕಲಿಯುತ್ತಿದ್ದ. ಮೊದಲು ಕೆಲವು ನಿಮಿಷ, ಆಮೇಲೆ ಅರ್ಧ ಗಂಟೆ, ಆಮೇಲೆ ಅದೇ ಕೈಯಲ್ಲಿ ಚಪಾತಿ ಮುರಿಯುವವರೆಗೆ. ಮನೆಯಲ್ಲಿದ್ದಾಗ ಯಾರೋ ಮುಟ್ಟಿರಬಹುದೆಂಬ ಭಯದಿಂದ ಅವನು ಊಟವನ್ನೇ ಬಿಡುತ್ತಾ ಬಂದು ತೂಕ ಇಳಿದಿತ್ತು, ಕೈಗಳ ಚರ್ಮ ಒಡೆದು ರಕ್ತ ಬರುತ್ತಿತ್ತು, ಅಕ್ಕ ಅವನ ಹಟಕ್ಕೆ ಮಣಿದು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಪದೇ ಪದೇ ತೊಳೆಯುತ್ತಿದ್ದಳು. ಮನೆಯೇ ಕಾಯಿಲೆಯ ಕಟ್ಟಳೆಗಳಿಗೆ ಒಗ್ಗಿಹೋದಾಗ ಆ ಮನೆಯಲ್ಲಿಟ್ಟುಕೊಂಡೇ ಅಭ್ಯಾಸ ಬಿಡಿಸುವುದು ಕಷ್ಟ. ದಿನಕ್ಕೆ ಹಲವು ಬಾರಿ ಥೆರಪಿಸ್ಟ್ ಮತ್ತು ತರಬೇತಾದ ನರ್ಸ್ ಪಕ್ಕದಲ್ಲಿ ನಿಂತು ಮಾಡಿಸಬೇಕಾಗುತ್ತದೆ, ಅದರ ಜೊತೆಗೆ ಔಷಧದ ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತಾ ಗಮನಿಸಬೇಕಾಗುತ್ತದೆ. ಇದೇ ಸಕ್ರಿಯ ಚಿಕಿತ್ಸೆ. ಇದನ್ನು ಟಿಪಿಎಯ ವೈದ್ಯರಿಗೆ ಅರ್ಥವಾಗುವ ಹಾಗೆ ಒಂದು ಪುಟದಲ್ಲಿ ಬರೆಸುವುದು ಸಂಯೋಜಕಿಯ ಕೆಲಸವಾಗಿತ್ತು.

ಅವರು ಹಿಡಿದ ದಾರಿಯನ್ನು ನಾನು ಇಲ್ಲಿ ವಿವರವಾಗಿ ಬರೆಯುತ್ತಿರುವುದು ಬೇರೆ ತಂದೆತಾಯಿಗಳಿಗೂ ಇದರಿಂದ ಉಪಯೋಗವಾಗಲೆಂದು. ಹದಿನೆಂಟು ತುಂಬದವರನ್ನು ಮಾನಸಿಕ ಆಸ್ಪತ್ರೆಗೆ ದಾಖಲಿಸಿಕೊಳ್ಳಲು ಅದೇ 2017ರ ಕಾಯ್ದೆಯ 87ನೇ ಕಲಂ ಕಟ್ಟುನಿಟ್ಟಿನ ಷರತ್ತುಗಳನ್ನು ಇಟ್ಟಿದೆ. ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯರ ಜೊತೆ ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಇಲ್ಲವೇ ವೈದ್ಯರು, ಬೇರೆಬೇರೆಯಾಗಿ ಪರೀಕ್ಷಿಸಿ ದಾಖಲಾತಿ ಅಗತ್ಯವೆಂದು ತೀರ್ಮಾನಿಸಬೇಕು. ಕಾಯಿಲೆ ದಾಖಲಾತಿ ಬೇಡುವಷ್ಟು ತೀವ್ರವಾಗಿರಬೇಕು. ದಾಖಲಿಸದೆ ಆ ಮಗುವಿನ ಚಿಕಿತ್ಸೆಯ ಅಗತ್ಯ ಪೂರೈಸುವಂತಿರಬಾರದು. ಸಮುದಾಯದಲ್ಲೇ ಕೊಡಬಹುದಾದ ಇತರ ಮಾರ್ಗಗಳು ವಿಫಲವಾಗಿರಬೇಕು ಅಥವಾ ಹೊಂದುವುದಿಲ್ಲವೆಂದು ಸ್ಪಷ್ಟವಾಗಿರಬೇಕು. ಹೊರರೋಗಿಯಾಗಿ ಏಕಾಗದು ಎಂದು ಕಂಪನಿ ಕೇಳುವ ಪ್ರಶ್ನೆಯನ್ನು ಕಾನೂನು ದಾಖಲಾತಿಯ ಬಾಗಿಲಲ್ಲೇ ಕೇಳಿ, ಇಬ್ಬರಿಂದ ಲಿಖಿತ ಉತ್ತರ ಪಡೆದಿರುತ್ತದೆ. ಆ ಇಬ್ಬರ ತೀರ್ಮಾನದ ಪ್ರತಿ, ಅಪ್ರಾಪ್ತರ ದಾಖಲಾತಿಯ ಬಗ್ಗೆ 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಕಳಿಸಬೇಕಾದ ಮಾಹಿತಿಯ ಸ್ವೀಕೃತಿ, ತೂಕದ ಚಾರ್ಟ್, ಮಕ್ಕಳ ಒಸಿಡಿ ಅಳೆಯುವ ಮಾಪನದಲ್ಲಿ 40ಕ್ಕೆ 33 ಬಂದಿದ್ದ ಅಂಕ, ಮತ್ತು ಹೊರರೋಗಿಯಾಗಿ ಅದಕ್ಕೂ ಮುಂಚೆ ತಿಂಗಳುಗಟ್ಟಲೆ ನಡೆದಿದ್ದ ಚಿಕಿತ್ಸೆಯ ಚೀಟಿಗಳು, ಇಷ್ಟನ್ನೂ ವೈದ್ಯರ ಒಂದು ಪುಟದ ಪತ್ರದ ಜೊತೆ ಲಗತ್ತಿಸಿ ಕಳಿಸಿದರು. ಮರುದಿನ ಮಧ್ಯಾಹ್ನಕ್ಕೆ ಒಪ್ಪಿಗೆ ಬಂತು. ಕಾನೂನಿನ ಪಾಲನೆಗಾಗಿ ಮಾಡಿಟ್ಟ ಕಾಗದವನ್ನು ವಿಮೆಯ ಪ್ರಶ್ನೆಗೆ ಉತ್ತರವಾಗಿ ಬಳಸಬಹುದೆಂದು ಗುರುತಿಸಿದ್ದು ಬಹಳ ದೊಡ್ಡ ಜಾಣತನ ಎಂದೇ ನಾನು ಭಾವಿಸುತ್ತೇನೆ, ಮತ್ತು ಈ ಆಸ್ಪತ್ರೆಗೆ ನಾನು ಕೊಡುವ ಅಂಕಗಳಲ್ಲಿ ಹೆಚ್ಚಿನ ಪಾಲು ಇದಕ್ಕೇ ಸಲ್ಲುತ್ತದೆ.

ಅದೇ ಕ್ವೆರಿಯಲ್ಲಿ ಒಳರೋಗಿ ಕಡತದ ಸಂಪೂರ್ಣ ಪ್ರತಿಯನ್ನೂ ಕೇಳಿದ್ದರು. ಕಡತದಲ್ಲಿ ಥೆರಪಿಸ್ಟ್ ಬರೆದುಕೊಂಡ ಟಿಪ್ಪಣಿಗಳಿರುತ್ತವೆ. ಹದಿನಾರರ ಹುಡುಗ ಅಪ್ಪ ಅಮ್ಮನ ಬಗ್ಗೆ, ಗೆಳೆಯರ ಬಗ್ಗೆ, ತನ್ನ ಮನಸ್ಸಿಗೆ ಬರುವ ಬೇಡದ ಯೋಚನೆಗಳ ಬಗ್ಗೆ ನಂಬಿ ಹೇಳಿದ ಮಾತುಗಳು ಅವು, ಅಕ್ಕನಿಗೂ ನನಗೂ ತೋರಿಸದಂಥವು. ಸಂಯೋಜಕಿ ಔಷಧದ ಚಾರ್ಟ್, ನರ್ಸಿಂಗ್ ದಾಖಲೆ, ವೈದ್ಯರ ದಿನದ ಟಿಪ್ಪಣಿ ಮತ್ತು ಥೆರಪಿಯ ದಿನಾಂಕ-ಅವಧಿ-ವಿಧಾನದ ಪಟ್ಟಿಯನ್ನು ಕಳಿಸಿ, ಮಾತುಕತೆಯ ವಿವರಗಳನ್ನು ಕಾಯ್ದೆಯ 23ನೇ ಕಲಮಿನ ಗೋಪ್ಯತೆಯ ಹಕ್ಕನ್ನು ಉಲ್ಲೇಖಿಸಿ ತಡೆಹಿಡಿದರು. ಕಂಪನಿ ಮತ್ತೆ ಕೇಳಲಿಲ್ಲ. ಕಾಲೇಜಿಗೆ ಬೇಕಾದ ಹಾಜರಾತಿ ಪ್ರಮಾಣಪತ್ರವನ್ನು ಕಾಯಿಲೆಯ ಹೆಸರಿಲ್ಲದೆ ಬೇರೆಯಾಗಿ ಕೊಡಿಸಿದ್ದೂ ಅವರೇ. ಕೇಳಿದ್ದನ್ನೆಲ್ಲ ಸ್ಕ್ಯಾನ್ ಮಾಡಿ ಕಳಿಸಿಬಿಟ್ಟರೆ ಡೆಸ್ಕಿನವರ ಕೆಲಸ ಹಗುರವಾಗುತ್ತದೆ. ಹಾಗೆ ಮಾಡದಿರುವುದಕ್ಕೆ ಮಗುವಿನ ಬಗ್ಗೆ ಗೌರವ ಬೇಕು.

ಇನ್ನು ಕೊರತೆಗಳು. ಒಟ್ಟು ಬಿಲ್ಲು ಸುಮಾರು 2 ಲಕ್ಷ 40 ಸಾವಿರವಾಯಿತು, ಕಂಪನಿ 2 ಲಕ್ಷ 2 ಸಾವಿರ ಕೊಟ್ಟಿತು, 38 ಸಾವಿರ ನಾವು ಕಟ್ಟಿದೆವು. ಅದರಲ್ಲಿ 14 ಸಾವಿರ ಕಡಿತವಾದದ್ದು ಸಂಪೂರ್ಣವಾಗಿ ಆಸ್ಪತ್ರೆಯ ಬಿಲ್ಲಿಂಗ್ ವ್ಯವಸ್ಥೆಯ ದೋಷದಿಂದ. ಹದಿಹರೆಯದವರ ಒಸಿಡಿ ಚಿಕಿತ್ಸೆಯಲ್ಲಿ ಪಾಲಕರನ್ನು ಕೂರಿಸಿಕೊಂಡು ಮಾಡುವ ಸೆಷನ್‌ಗಳು ಚಿಕಿತ್ಸೆಯ ತಿರುಳು. ಮಗ ಪಾತ್ರೆ ತೊಳೆಯಲು ಹೇಳಿದಾಗ ಅಕ್ಕ ಏನು ಮಾಡಬೇಕು, ಎಲ್ಲಿ ಇಲ್ಲವೆನ್ನಬೇಕು, ಅವನು ಅತ್ತರೆ ಹೇಗೆ ನಿಲ್ಲಬೇಕು ಎಂಬುದನ್ನು ಅಲ್ಲಿಯೇ ಕಲಿಸಿದ್ದು, ಹುಡುಗನೂ ಆ ಸೆಷನ್‌ಗಳಲ್ಲಿ ಇದ್ದ. ಆದರೆ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಅವು ‘ಪೇರೆಂಟ್ ಕೌನ್ಸೆಲಿಂಗ್’ ಎಂಬ ಹೆಸರಿನಲ್ಲಿ ದಾಖಲಾದವು. ಕಂಪನಿಯವರು ಸಹಜವಾಗಿಯೇ, ವಿಮೆ ಕೋರಿರುವ ರೋಗಿಗೆ ಕೊಟ್ಟ ಚಿಕಿತ್ಸೆ ಇದಲ್ಲ ಎಂದು ಅಷ್ಟನ್ನೂ ಕಳೆದರು. ನಡೆದದ್ದು ಕೌಟುಂಬಿಕ ಥೆರಪಿ, ರೋಗಿಯ ಚಿಕಿತ್ಸಾ ಯೋಜನೆಯಲ್ಲಿ ವೈದ್ಯರು ಬರೆದ ಅಂಗ. ಅದನ್ನು ಅದರ ಸರಿಯಾದ ಹೆಸರಿನಲ್ಲಿ ಬಿಲ್ ಮಾಡಿದ್ದರೆ ಸಾಕಿತ್ತು. ದರಪಟ್ಟಿಯಲ್ಲಿ ಆ ಶೀರ್ಷಿಕೆ ವರ್ಷಗಳಿಂದ ಹಾಗೆಯೇ ಇದೆಯಂತೆ, ಬದಲಾಯಿಸಲು ಆಡಳಿತದ ಒಪ್ಪಿಗೆ ಬೇಕಂತೆ. ಹದಿಹರೆಯದವರ ವಾರ್ಡ್ ನಡೆಸುವ ಆಸ್ಪತ್ರೆ ತನ್ನ ದರಪಟ್ಟಿಯನ್ನು ವಯಸ್ಕರ ವಾರ್ಡಿನಿಂದ ಎರವಲು ತಂದು ಹಾಗೆಯೇ ಬಿಟ್ಟಿರುವುದು ಸರಿಯಲ್ಲ. ಈ ಒಂದು ಸಾಲಿನಿಂದ ಪ್ರತಿ ಕುಟುಂಬವೂ ದುಡ್ಡು ಕಳೆದುಕೊಳ್ಳುತ್ತಿರುತ್ತದೆ.

ಇನ್ನೊಂದು 16 ಸಾವಿರ ಜೊತೆಗಿರುವವರ ಹಾಸಿಗೆ ಮತ್ತು ಊಟದ್ದು. ಇದರಲ್ಲಿ ಆಸ್ಪತ್ರೆಯ ತಪ್ಪಿಗಿಂತ ನಿಯಮದ ಅಸಂಗತತೆಯೇ ಹೆಚ್ಚು, ಮತ್ತು ಅದು ನನ್ನನ್ನು ಬಹಳ ಕಾಡುತ್ತದೆ. ಅಪ್ರಾಪ್ತ ರೋಗಿ ಒಳಗಿರುವಷ್ಟು ಕಾಲವೂ ಅವನ ನಾಮನಿರ್ದೇಶಿತ ಪ್ರತಿನಿಧಿಯೋ (ಸಾಮಾನ್ಯವಾಗಿ ತಂದೆ ಅಥವಾ ತಾಯಿ) ಆ ಪ್ರತಿನಿಧಿ ನೇಮಿಸಿದವರೋ ಜೊತೆಗಿರಲೇಬೇಕೆಂದು 87ನೇ ಕಲಂ ಹೇಳುತ್ತದೆ. ಹುಡುಗಿಯಾಗಿದ್ದು ಪ್ರತಿನಿಧಿ ಪುರುಷನಾದರೆ ಮಹಿಳೆಯೊಬ್ಬರನ್ನು ನೇಮಿಸಬೇಕೆಂದೂ ಹೇಳುತ್ತದೆ. ವಿಮಾ ನಿಯಮಾವಳಿಯ ಪಾವತಿಸದ ಬಾಬ್ತುಗಳ ಪಟ್ಟಿಯಲ್ಲಿ ಮಾತ್ರ ಅಟೆಂಡೆಂಟ್ ಶುಲ್ಕ, ರೋಗಿಯ ಪಥ್ಯದ ಹೊರತಾದ ಊಟ, ಬಟ್ಟೆ ಒಗೆಯುವ ಖರ್ಚು, ನೀರಿನ ಬಾಟಲಿ ಇವೆಲ್ಲ ಒಟ್ಟಿಗೆ ಇವೆ. ವಯಸ್ಕ ರೋಗಿಯ ಬಳಿ ನೆಂಟರು ಬಂದು ಮಲಗುವುದಕ್ಕೂ, ಕಾನೂನಿನ ಆಜ್ಞೆಯಂತೆ ತಾಯಿ ಕೆಲಸ ಬಿಟ್ಟು ಬಂದು ಮಗನ ಪಕ್ಕ ಇರುವುದಕ್ಕೂ ಆ ಪಟ್ಟಿ ಭೇದ ಮಾಡುವುದಿಲ್ಲ. ಆಸ್ಪತ್ರೆಯ ಪಾಲಿನ ತಪ್ಪು ಇಷ್ಟೇ: ದಾಖಲಾತಿಗೆ ಮುನ್ನ ಕೊಟ್ಟ ಅಂದಾಜು ಪಟ್ಟಿಯಲ್ಲಿ ಈ ಮೊತ್ತವನ್ನು ಪ್ರತ್ಯೇಕವಾಗಿ ತೋರಿಸಿರಲಿಲ್ಲ. ತಪ್ಪಿಸಲಾಗದ ಖರ್ಚು ಎಂದ ಮೇಲೆ ಅದನ್ನು ಮೊದಲ ಹಾಳೆಯಲ್ಲೇ ಬರೆಯಬೇಕಿತ್ತು. ಉಳಿದ 8 ಸಾವಿರ ನೋಂದಣಿ, ದಾಖಲೆ ಶುಲ್ಕ, ಲಾಂಡ್ರಿ ಮುಂತಾದ ಚಿಲ್ಲರೆ.

ಡೆಸ್ಕ್ ಇರುವ ಜಾಗದ ಬಗ್ಗೆಯೂ ಹೇಳಬೇಕು. ಅದು ನೆಲಮಹಡಿಯಲ್ಲಿ ಔಷಧಿ ಅಂಗಡಿಯ ಪಕ್ಕದ ತೆರೆದ ಕೌಂಟರು. ಸಂಯೋಜಕಿ ದನಿ ತಗ್ಗಿಸಿ ಮಾತನಾಡುತ್ತಾರೆ, ಆದರೂ ಸರದಿಯಲ್ಲಿ ಹಿಂದೆ ನಿಂತವರಿಗೆ ಎಲ್ಲ ಕೇಳುತ್ತದೆ. ನನ್ನ ಮುಂದೆ ನಿಂತಿದ್ದ ತಂದೆಯೊಬ್ಬರು ಮಗಳ ಕಾಯಿಲೆಯ ಹೆಸರು ಹೇಳಬೇಕಾಗಿ ಬಂದಾಗ ಹೇಳಲಾರದೆ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದರು. ಒಂದು ಗಾಜಿನ ಕೋಣೆ, ಎರಡು ಕುರ್ಚಿ ಇಷ್ಟು ಕೊಟ್ಟರೆ ಸಾಕು. ಸಂಜೆ ಆರರ ನಂತರ ಮತ್ತು ಭಾನುವಾರ ಡೆಸ್ಕ್ ಮುಚ್ಚಿರುತ್ತದೆ. ಆ ಹೊತ್ತಿನಲ್ಲಿ ತುರ್ತಾಗಿ ದಾಖಲಾಗುವವರು ಪೂರ್ತಿ ಡೆಪಾಸಿಟ್ ಕಟ್ಟಿ ಮರುದಿನದವರೆಗೆ ಕಾಯಬೇಕು.

ಬಿಡುಗಡೆಯ ದಿನ ಸುಗಮವಾಗಿ ಕಳೆಯಿತು. 2024ರ ಮೇ ತಿಂಗಳ ಮಾಸ್ಟರ್ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ತೀರ್ಮಾನ ತಿಳಿಸಬೇಕು, ಬಿಡುಗಡೆಯ ಅಂತಿಮ ಅನುಮತಿಯನ್ನು ಮೂರು ಗಂಟೆಯೊಳಗೆ ಕೊಡಬೇಕು, ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಸಂಯೋಜಕಿ ಹಿಂದಿನ ಸಂಜೆಯೇ ಡಿಸ್ಚಾರ್ಜ್ ಸಮ್ಮರಿಯ ಕರಡನ್ನು ವೈದ್ಯರಿಂದ ಪಡೆದು, ಫಾರ್ಮಸಿ ಲೆಕ್ಕ ಮುಗಿಸಿಟ್ಟು, ಬೆಳಿಗ್ಗೆ ಹತ್ತಕ್ಕೆ ಅಂತಿಮ ಬಿಲ್ಲನ್ನು ಕಳಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ನಾವು ಹೊರಟೆವು. ಚೀಲ ಕಟ್ಟಿಕೊಂಡು ಕಾರಿಡಾರಿನಲ್ಲಿ ಕಾಯುತ್ತಾ ಕೂರುವುದು ಒಸಿಡಿಯಿರುವ ಹುಡುಗನಿಗೆ ಎಂಥ ಹಿಂಸೆಯೆಂದು ಬಲ್ಲವರು ಮಾತ್ರ ಹೀಗೆ ಮುಂಗಡವಾಗಿ ಯೋಚಿಸಬಲ್ಲರು. ಕೌಂಟರಿನಲ್ಲಿ ಕಟ್ಟಿದ ಮೊತ್ತ ಎಷ್ಟೆಂದು ಅವನಿಗೆ ಇಂದಿಗೂ ತಿಳಿಯದು.

ಆದರೆ ಬಾಗಿಲು ದಾಟಿದ ಮೇಲೆ ಡೆಸ್ಕ್ ನಮ್ಮನ್ನು ಮರೆಯಿತು. ಈ ಕಾಯಿಲೆಯಲ್ಲಿ ಆಸ್ಪತ್ರೆಯ ವಾರಗಳು ಆರಂಭ ಮಾತ್ರ. ತಿಂಗಳುಗಟ್ಟಲೆ ವಾರವಾರವೂ ಥೆರಪಿ ಬೇಕು, ನಾವು ಹೋಗುವ ಕಡೆ ಒಂದು ಸೆಷನ್‌ಗೆ ಎರಡು ಸಾವಿರ ರೂಪಾಯಿ. ಹೊರರೋಗಿ ಖರ್ಚನ್ನು ಹೆಚ್ಚಿನ ಪಾಲಿಸಿಗಳು ಕೊಡುವುದಿಲ್ಲ, ನಿಜ. ಆದರೆ ಆಸ್ಪತ್ರೆಯಿಂದ ಹೊರಬಂದ ನಂತರದ ನಿಗದಿತ ದಿನಗಳ ಖರ್ಚನ್ನು, ನಮ್ಮ ಪಾಲಿಸಿಯಲ್ಲಿ ಅರವತ್ತು ದಿನ, ಅದೇ ಕಾಯಿಲೆಗೆ ಸಂಬಂಧಿಸಿದ್ದಾದರೆ ಮರುಪಾವತಿಯಾಗಿ ಪಡೆಯಬಹುದು. ಅದಕ್ಕೆ ಮನೋವೈದ್ಯರು ಡಿಸ್ಚಾರ್ಜ್ ಸಮ್ಮರಿಯಲ್ಲಿಯೇ ಥೆರಪಿಯನ್ನು ವಾರಕ್ಕೆಷ್ಟು ಎಂದು ಸಲಹೆ ಮಾಡಿ ಬರೆದಿರಬೇಕು. ರಸೀದಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕೆಂದು ನಮ್ಮ ಕಂಪನಿ ಕೇಳಿತು. ಈ ಎರಡರಲ್ಲಿ ಒಂದನ್ನೂ ನಮಗೆ ಯಾರೂ ಹೇಳಲಿಲ್ಲ. ನಮ್ಮ ಸಮ್ಮರಿಯಲ್ಲಿ ‘ಫಾಲೋ ಅಪ್’ ಎಂದಷ್ಟೇ ಇತ್ತು, ಮೊದಲ ರಸೀದಿಗಳಲ್ಲಿ ನೋಂದಣಿ ಸಂಖ್ಯೆ ಇರಲಿಲ್ಲ, ವೈದ್ಯರಿಂದ ಪೂರಕ ಪತ್ರ ಬರೆಸಿ ರಸೀದಿಗಳನ್ನು ಮತ್ತೆ ಪಡೆಯಬೇಕಾಯಿತು. ಬಿಡುಗಡೆಯ ದಿನ ಒಂದು ಹಾಳೆಯ ಸೂಚನೆ ಕೊಟ್ಟಿದ್ದರೆ ಇಷ್ಟು ಅಲೆದಾಟ ತಪ್ಪುತ್ತಿತ್ತು. ದಾಖಲಾತಿಯಲ್ಲಿ ಅಷ್ಟು ಜಾಗರೂಕವಾದ ವಿಭಾಗ ಇಲ್ಲಿ ಏಕೆ ಕೈಬಿಟ್ಟಿತು ಎಂದು ನಾನು ಕೇಳಿದೆ. ಬಿಡುಗಡೆಯಾದವರ ಕ್ಲೇಮು ತಮ್ಮ ವಿಭಾಗಕ್ಕೆ ಸೇರಿದ್ದಲ್ಲ ಎಂಬ ಉತ್ತರ ಬಂತು. ಹದಿಹರೆಯದವರ ವಿಷಯದಲ್ಲಿ ಆ ಗೆರೆಯನ್ನು ಅಷ್ಟು ಬೇಗ ಎಳೆಯಬಾರದು; ಹಣದ ಕಾರಣಕ್ಕೆ ಥೆರಪಿ ನಿಂತರೆ ಕಾಯಿಲೆ ಮರುಕಳಿಸಿ ಅದೇ ಮಗು ಅದೇ ವಾರ್ಡಿಗೆ ಮತ್ತೆ ಬರಬೇಕಾಗಬಹುದು.

ಯಾರಿಗೆ ಈ ಆಸ್ಪತ್ರೆ ಹೊಂದುತ್ತದೆ ಎಂದರೆ, ಐದು ಲಕ್ಷದ ಆಸುಪಾಸಿನ ಆರೋಗ್ಯ ವಿಮೆ ಇದ್ದು, ನಲವತ್ತು ಸಾವಿರದಷ್ಟನ್ನು ಕೈಯಿಂದ ಹಾಕಬಲ್ಲವರಿಗೆ. ಅಷ್ಟಿಲ್ಲದವರು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಬಹುದು. ಅಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವೇ ಇದೆ, ಖರ್ಚು ಖಾಸಗಿ ಆಸ್ಪತ್ರೆಗಿಂತ ಬಹಳ ಕಡಿಮೆ. ಎಲ್ಲಿಗೆ ಹೋಗಬೇಕೆಂದೇ ತಿಳಿಯದ ಸ್ಥಿತಿಯಲ್ಲಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಖಾಸಗಿ ಆಸ್ಪತ್ರೆಯನ್ನೇ ಆರಿಸುವವರು ದಾಖಲಾತಿಗೆ ಮುನ್ನ ವಿಮಾ ಡೆಸ್ಕಿನಲ್ಲಿ ಕುಳಿತು, ಕುಟುಂಬದೊಂದಿಗಿನ ಸೆಷನ್‌ಗಳನ್ನು ಯಾವ ಹೆಸರಿನಲ್ಲಿ ಬಿಲ್ ಮಾಡುತ್ತೀರಿ, ಜೊತೆಗಿರುವವರ ಖರ್ಚು ಎಷ್ಟಾಗುತ್ತದೆ, ಥೆರಪಿಯ ಟಿಪ್ಪಣಿಗಳನ್ನು ಕಂಪನಿಗೆ ಕಳಿಸುತ್ತೀರಾ ಎಂದು ಕೇಳಲಿ. ಈ ಮೂರಕ್ಕೆ ತಡವರಿಸದೆ ಉತ್ತರ ಕೊಡುವ ಡೆಸ್ಕ್ ಉಳಿದದ್ದನ್ನೂ ನಿಭಾಯಿಸುತ್ತದೆ ಎಂಬುದು ನನ್ನ ಅನುಭವ.

ಕಡಿತವಾದ 14 ಸಾವಿರದ ವಿಚಾರವನ್ನು ನಾವು ಬಿಟ್ಟಿಲ್ಲ. ಆ ಸೆಷನ್‌ಗಳು ರೋಗಿಯ ಚಿಕಿತ್ಸೆಯ ಅಂಗವೆಂದು ವೈದ್ಯರು ಬರೆದ ಪತ್ರವನ್ನೂ, ಹುಡುಗ ಸ್ವತಃ ಹಾಜರಿದ್ದ ದಿನಾಂಕಗಳನ್ನೂ ಸೇರಿಸಿ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಅರ್ಜಿ ಕೊಟ್ಟಿದ್ದೇವೆ. ಪತ್ರವನ್ನು ಬರೆಸಿಕೊಟ್ಟದ್ದು ಅದೇ ಸಂಯೋಜಕಿ, ತಮ್ಮ ವಿಭಾಗಕ್ಕೆ ಸೇರದ ಕೆಲಸವಾಗಿದ್ದರೂ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದರಪಟ್ಟಿಯ ಆ ಶೀರ್ಷಿಕೆಯನ್ನು ಬದಲಾಯಿಸುವಂತೆ ಆಸ್ಪತ್ರೆಯ ಆಡಳಿತಕ್ಕೂ ಲಿಖಿತ ಮನವಿ ಸಲ್ಲಿಸಿದ್ದೇನೆ.